ಮದ್ದಿನ ಮನೆಯ ಗೋಡೆ ಯಾಕೆ ಅಷ್ಟು ದಪ್ಪ?

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯಕ್ಕೆ ಒಂದು ಸುತ್ತು ಬನ್ನಿ. ಹೊರಗೋಡೆಯ ತುಂಬ ರಾಮಾಯಣ, ಮಹಾಭಾರತದ ಯುದ್ಧಗಳು. ಬಿಲ್ಲು ಬಾಗಿದೆ, ರಥ ಓಡುತ್ತಿದೆ, ಬಾಣಗಳು ಸಾಲುಗಟ್ಟಿವೆ. ಅದೇ ಹೊಯ್ಸಳರ ಬೇಲೂರಿನಲ್ಲಿ ಚೆನ್ನಕೇಶವನ ಪ್ರತಿಷ್ಠೆಯಾದದ್ದು 1117ರಲ್ಲಿ. ಅಷ್ಟರಲ್ಲಾಗಲೇ ಚೀನಾದವರು ಸಿಡಿಮದ್ದಿನ ವಿಷಯವನ್ನು ಪುಸ್ತಕದಲ್ಲಿ ಬರೆದಿಟ್ಟು ಎಪ್ಪತ್ತು ವರ್ಷ ದಾಟಿತ್ತು. ನಮ್ಮ ಶಿಲ್ಪಿಗಳು ಕೆತ್ತಿದ ಬಾಣಕ್ಕೆ ಮಾತ್ರ ಬಲ ಬಂದದ್ದು ಬಿಲ್ಲಾಳಿನ ತೋಳಿನಿಂದ. ಮುಂದೆ ಮದ್ದು ತುಂಬಿದ ಕೊಳವೆ ಆಕಾಶಕ್ಕೆ ಹಾರಿದಾಗ ನಮ್ಮವರು ಹೊಸ ಹೆಸರು ಹುಡುಕಲು ಹೋಗಲಿಲ್ಲ, ಅದನ್ನೂ ಬಾಣ ಎಂದೇ ಕರೆದರು. ಜಾತ್ರೆಯ ಬಾಣಬಿರುಸಿನಲ್ಲಿ ಆ ಹೆಸರು ಇಂದಿಗೂ ಉಳಿದಿದೆ.

ಮದ್ದು ಎಂಬ ಮಾತೂ ಅಷ್ಟೇ ಸೊಗಸಾದದ್ದು. ಜ್ವರಕ್ಕೆ ಕುಡಿಯುವುದೂ ಮದ್ದು, ಬಂದೂಕಿಗೆ ತುಂಬುವುದೂ ಮದ್ದು. ಚೀನೀ ಭಾಷೆಯಲ್ಲೂ ಸಿಡಿಮದ್ದಿಗೆ ‘ಬೆಂಕಿಯ ಔಷಧ’ ಎಂಬ ಅರ್ಥದ ಹೆಸರೇ ಇದೆ. ಒಂಬತ್ತನೆಯ ಶತಮಾನದ ಸುಮಾರಿಗೆ ಚೀನಾದ ರಸವಾದಿಗಳ ಪ್ರಯೋಗಗಳಲ್ಲಿ ಅದು ಅವರ ಕೈಗೆ ಸಿಕ್ಕಿತ್ತು. ಆ ಪ್ರಯೋಗಗಳಲ್ಲಿ ಗಡ್ಡ, ಕೈ ಸುಟ್ಟುಕೊಂಡವರ ಪ್ರಸ್ತಾಪ ಅಂದಿನ ಬರಹದಲ್ಲೇ ಇದೆ.

ಈ ಮದ್ದಿನ ಗುಟ್ಟು ತಿಳಿಯಬೇಕಾದರೆ ಮೊದಲು ಇಸ್ತ್ರಿ ಅಂಗಡಿಗೆ ಹೋಗೋಣ. ಅರಸೀಕೆರೆ ತೆಂಗಿನ ಸೀಮೆ, ಕೊಬ್ಬರಿಯ ಪೇಟೆ. ಅಲ್ಲಿ ಕರಟಕ್ಕೆ ಬರವಿಲ್ಲ. ಇಸ್ತ್ರಿ ಪೆಟ್ಟಿಗೆಯೊಳಗಿನ ಕರಟದ ಕೆಂಡವನ್ನು ನೋಡಿ. ಮೇಲೆ ಬೂದಿ ಮುಸುಕಿಕೊಂಡು ಮಂಕಾಗಿರುತ್ತದೆ. ಪೆಟ್ಟಿಗೆಯನ್ನು ಎರಡು ಸಲ ಬೀಸಿದರೆ ಕೆಂಪಗೆ ಹೊಳೆಯುತ್ತದೆ. ಕೆಂಡಕ್ಕೆ ಬೇಕಾದ ಆಮ್ಲಜನಕ ಹೊರಗಿನ ಗಾಳಿಯಿಂದ ಬರಬೇಕು, ಅದೂ ಇದ್ದಿಲಿನ ಮೇಲ್ಮೈಯನ್ನಷ್ಟೇ ಮುಟ್ಟಬಲ್ಲದು. ಹಾಗಾಗಿ ಒಂದು ಹಿಡಿ ಇದ್ದಿಲು ಗಂಟೆಗಟ್ಟಲೆ ಉರಿಯುತ್ತದೆ.

ಕರಿಮದ್ದಿನಲ್ಲಿ ಇರುವುದೂ ಇದೇ ಇದ್ದಿಲು. ಜೊತೆಗೆ ಗಂಧಕ ಮತ್ತು ಪೆಟ್ಲುಪ್ಪು, ಅಂದರೆ ಪೊಟ್ಯಾಸಿಯಂ ನೈಟ್ರೇಟ್. ಮಲೆನಾಡಿನ ಮಕ್ಕಳು ಬಿದಿರಿನ ಕೊಳವೆಯಲ್ಲಿ ಕಾಯಿ ತೂರಿ ‘ಪಟ್’ ಅನ್ನಿಸುವ ಪೆಟ್ಲು ಈ ಉಪ್ಪಿನ ಹೆಸರಿನಲ್ಲೂ ಇದೆ. ಪೆಟ್ಲುಪ್ಪಿನ ಒಂದೊಂದು ಕಣವೂ ಆಮ್ಲಜನಕದ ಗಂಟು. ಬಿಸಿ ತಾಗಿದರೆ ಆ ಗಂಟು ಬಿಚ್ಚಿಕೊಂಡು ಪಕ್ಕದ ಇದ್ದಿಲಿಗೆ ಆಮ್ಲಜನಕ ಉಣಿಸುತ್ತದೆ. ಗಂಧಕ ಬೇಗ ಹೊತ್ತಿಕೊಂಡು ಬೆಂಕಿಯನ್ನು ಹಬ್ಬಿಸುತ್ತದೆ. ಹೊರಗಿನ ಗಾಳಿಗಾಗಿ ಕಾಯುವ ಪ್ರಮೇಯವೇ ಇಲ್ಲ. ಮರಳು ಸುರಿದರೂ, ಮುಚ್ಚಳ ಮುಚ್ಚಿದರೂ ಆರದು. ಮುಚ್ಚಿದಷ್ಟೂ ಅಪಾಯ ಹೆಚ್ಚು. ಬಯಲಲ್ಲಿ ಭುಗಿಲೆಂದು ಉರಿದು ಹೋಗುವ ಮದ್ದು ಕೊಳವೆಯೊಳಗೆ ಸಿಕ್ಕಿಕೊಂಡರೆ ಬಿಸಿ ಅನಿಲದ ಒತ್ತಡ ಕ್ಷಣದಲ್ಲಿ ಏರಿ ಕೊಳವೆಯನ್ನೇ ಸೀಳುತ್ತದೆ.

ಸುಟ್ಟ ಮದ್ದಿನಲ್ಲಿ ಅನಿಲವಾಗುವುದು ತೂಕದ ಅರ್ಧಕ್ಕಿಂತ ಕಡಿಮೆ. ಉಳಿದದ್ದು ಪೊಟ್ಯಾಸಿಯಂ ಲವಣಗಳ ಸಣ್ಣ ಪುಡಿ. ಪಟಾಕಿಯ ದಟ್ಟ ಬಿಳಿ ಹೊಗೆ, ಆಮೇಲೆ ಮೂಗಿಗೆ ಬಡಿಯುವ ಕೊಳೆತ ಮೊಟ್ಟೆಯಂಥ ವಾಸನೆ ಎರಡೂ ಅದರದ್ದೇ.

ಪೆಟ್ಲುಪ್ಪಿನ ಹುಟ್ಟು ಇನ್ನೂ ಬೆರಗಿನದು. ದನದ ಗಂಜಲ ಬಿದ್ದ ಮಣ್ಣಿನಲ್ಲಿ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಬೇಸಗೆಯಲ್ಲಿ ನೀರು ಆರಿದಂತೆ ಅದು ಮೇಲೆದ್ದು ನೆಲಕ್ಕೆ ಬಿಳಿಯ ಪೊರೆ ಕಟ್ಟುತ್ತದೆ. ರಾಜರ ಯುದ್ಧಗಳು ನಡೆದದ್ದು ಕೊಟ್ಟಿಗೆಯ ಮಣ್ಣಿನ ಬಲದ ಮೇಲೆ! ಈಸ್ಟ್ ಇಂಡಿಯಾ ಕಂಪನಿ ಬಿಹಾರದಿಂದ ಹಡಗುಗಟ್ಟಲೆ ಪೆಟ್ಲುಪ್ಪು ಸಾಗಿಸಿತ್ತು.

ಅದೇ ಕಂಪನಿಯ ಸೈನ್ಯಕ್ಕೆ 1780ರಲ್ಲಿ ಪೊಲ್ಲಿಲೂರಿನಲ್ಲಿ ಮೈಸೂರಿನ ಬಾಣಗಳು ಎದುರಾದವು. ಕಾಗದ, ಬಿದಿರಿನ ಕೊಳವೆಯ ಬದಲು ಮೈಸೂರಿನವರು ಕಬ್ಬಿಣ ಬಳಸಿದ್ದರು. ಕಬ್ಬಿಣ ಹೆಚ್ಚು ಒತ್ತಡ ತಾಳುತ್ತದೆ, ಅದರಿಂದ ಬಾಣಕ್ಕೆ ಹೆಚ್ಚು ನೂಕುಬಲ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ಬಾಣಗಳು ಇಂಗ್ಲೆಂಡಿಗೆ ಹೋದವು; ಅಲ್ಲಿನ ವಿಲಿಯಂ ಕಾಂಗ್ರೀವ್ ಎಂಬಾತ ತನ್ನ ರಾಕೆಟ್ಟುಗಳನ್ನು ಮಾಡಿದ್ದು ಆಮೇಲೆ. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನಲ್ಲಿ ಒಂದು ಹಳೆಯ ಬಾವಿಯನ್ನು ಅಗೆದಾಗ ಇಂಥ ಸಾವಿರಕ್ಕೂ ಹೆಚ್ಚು ಕೊಳವೆಗಳು ಸಿಕ್ಕವು. ಬಾವಿಯ ಮಣ್ಣಿಗೆ ಇನ್ನೂ ಮದ್ದಿನ ವಾಸನೆಯಿತ್ತು ಎಂದು ವರದಿಯಾಗಿತ್ತು.

ಹಾಸನ ಸೀಮೆಯಲ್ಲಿ ಈ ಕಥೆಯನ್ನು ಕಣ್ಣಾರೆ ಕಾಣಬೇಕೆಂದರೆ ಬೇಲೂರಿನಿಂದ ಸಕಲೇಶಪುರದ ದಾರಿ ಹಿಡಿದು ಮಂಜರಾಬಾದ್ ಕೋಟೆಗೆ ಹೋಗಬೇಕು. ಟಿಪ್ಪುವಿನ ಕಾಲದಲ್ಲಿ, 1792ರಲ್ಲಿ ಕಟ್ಟಿದ ಎಂಟು ಮೂಲೆಯ ನಕ್ಷತ್ರದಾಕಾರದ ಕೋಟೆ. ಎಲ್ಲರೂ ಗೋಡೆಯ ಮೇಲೇರಿ ಘಟ್ಟದ ಮಂಜಿನ ಫೋಟೊ ತೆಗೆಯುತ್ತಾರೆ. ನನಗೆ ಅಲ್ಲಿ ಅತ್ಯಂತ ಇಷ್ಟವಾದದ್ದು ಒಳಗಿನ ಮದ್ದಿನ ಮನೆ. ಹೊರಗೆ ಬಿಸಿಲು ಸುಡುತ್ತಿದ್ದರೂ ತಲೆ ಬಗ್ಗಿಸಿ ಒಳಗೆ ಕಾಲಿಟ್ಟರೆ ಮೈ ತಣ್ಣಗಾಗುತ್ತದೆ. ದಪ್ಪ ಗೋಡೆ, ಅರೆಗತ್ತಲು. ಮಲೆನಾಡಿನ ಮಳೆಯಲ್ಲಿ ಮದ್ದು ಥಂಡಿ ಹಿಡಿದರೆ ಕೆಲಸಕ್ಕೆ ಬಾರದು, ಕಿಡಿ ತಾಗಿದರೆ ಕೋಟೆಯೇ ಉಳಿಯದು. ಆ ಗೋಡೆಯ ದಪ್ಪಕ್ಕೆ ಈ ಎರಡು ಭಯವೇ ಕಾರಣ. ಶ್ರೀರಂಗಪಟ್ಟಣದ ಇಂಥದ್ದೊಂದು ಕಟ್ಟಡ ಎಷ್ಟು ಗಟ್ಟಿಯಾಗಿತ್ತೆಂದರೆ, ಜೋಡಿ ರೈಲುಮಾರ್ಗಕ್ಕೆ ಅಡ್ಡ ಬಂದಾಗ 2017ರಲ್ಲಿ ಅದನ್ನು ಒಡೆಯದೆ ಇಡಿಯಾಗಿ ನೂರು ಮೀಟರಿಗೂ ಹೆಚ್ಚು ದೂರ ಸರಿಸಿ ಕೂರಿಸಿದರು.

ಬರೀ ಕತ್ತಿ, ಬಂದೂಕು ಹಿಡಿದೇ ಬದುಕಿದ ಸೈನಿಕರೂ ಮದ್ದನ್ನು ತಾವು ಮಲಗುವ ಕಡೆ ಇಡುತ್ತಿರಲಿಲ್ಲ. ಇಂದು ಕೆಲವು ಹುಡುಗರು ವಿಡಿಯೊ ನೋಡಿ ಅಡುಗೆಮನೆಯ ಕಟ್ಟೆಯ ಮೇಲೆ ಅದನ್ನು ತಯಾರಿಸಲು ಹೊರಡುತ್ತಾರೆ ಎಂದರೆ ನನಗೆ ನಿಜಕ್ಕೂ ಎದೆ ನಡುಗುತ್ತದೆ. ಮದ್ದು ಹೊತ್ತಿಕೊಳ್ಳಲು ಬೆಂಕಿಕಡ್ಡಿಯೇ ಬೇಕೆಂದಿಲ್ಲ. ತಿಕ್ಕಾಟ, ಲೋಹದ ಕಿಡಿ ಸಾಕು. 2023ರ ಅಕ್ಟೋಬರ್ 7ರಂದು ಅತ್ತಿಬೆಲೆಯ ಪಟಾಕಿ ಮಳಿಗೆಯ ಬೆಂಕಿ 14ಕ್ಕೂ ಹೆಚ್ಚು ಜೀವ ತೆಗೆಯಿತು. ಮರುವರ್ಷ ಅಕ್ಟೋಬರ್ 28ರ ರಾತ್ರಿ ಕಾಸರಗೋಡು ಜಿಲ್ಲೆಯ ನೀಲೇಶ್ವರದಲ್ಲಿ ತೆಯ್ಯಂ ನೋಡಲು ಸೇರಿದ್ದ ಜನರ ಹತ್ತಿರವೇ ಪಟಾಕಿಯ ದಾಸ್ತಾನಿತ್ತು. ಅದು ಹೊತ್ತಿಕೊಂಡು 150ಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಮದ್ದನ್ನು ಜನರಿಂದ ದೂರ ಇಡಬೇಕೆಂಬ ಹಳಬರ ಪಾಠವನ್ನು ನಾವು ಮರೆತಿದ್ದೇವೆ. ಪರವಾನಗಿ ಇಲ್ಲದೆ ಮದ್ದು ತಯಾರಿಸುವುದು 1884ರ ಸ್ಫೋಟಕ ಕಾಯ್ದೆಯ ಪ್ರಕಾರ ಅಪರಾಧ. ಹವ್ಯಾಸಕ್ಕೆ ಎಂದರೂ ಅಪರಾಧವೇ, ಮೂರು ವರ್ಷದವರೆಗೆ ಜೈಲು.

ಬಾಣ ಹಾರಿಸುವ ಆಸೆ ಮಾತ್ರ ಒಳ್ಳೆಯ ಆಸೆ, ಅದನ್ನು ಚಿವುಟಬಾರದು. ಅರಸೀಕೆರೆ, ಬೇಲೂರಿನ ವಿಜ್ಞಾನ ಮೇಷ್ಟ್ರುಗಳಲ್ಲಿ ನನ್ನದೊಂದು ಬೇಡಿಕೆ. ತಂಪು ಪಾನೀಯದ ಖಾಲಿ ಬಾಟಲಿಗೆ ಕಾಲುಭಾಗ ನೀರು ಹಾಕಿ, ಬಿರಡೆ ಬಿಗಿದು, ಸೈಕಲ್ ಪಂಪಿನಿಂದ ಗಾಳಿ ತುಂಬಿ, ಮಕ್ಕಳನ್ನು ದೂರ ನಿಲ್ಲಿಸಿ ಶಾಲೆಯ ಬಯಲಿನಲ್ಲಿ ಹಾರಿಸಿ. ನೀರು ಕೆಳಗೆ ಚಿಮ್ಮಿದಂತೆ ಬಾಟಲಿ ಮೇಲಕ್ಕೆ ಜಿಗಿಯುತ್ತದೆ. ಟಿಪ್ಪುವಿನ ಬಾಣವನ್ನು ಹಾರಿಸಿದ್ದೂ ಇದೇ ನಿಯಮ. ಆಮೇಲೊಂದು ದಿನ ಮಕ್ಕಳನ್ನು ಮಂಜರಾಬಾದಿಗೆ ಕರೆದೊಯ್ದು ಆ ದಪ್ಪ ಗೋಡೆಯನ್ನು ಮುಟ್ಟಿಸಿ ತೋರಿಸಿ.