ಒಂಟಿ ಪರಮಾಣುವಿಗೆ ಬೆಳಕಿನ ನಂಟು

ಒಂದೇ ಒಂದು ಪರಮಾಣುವನ್ನು ಹಿಡಿದಿಟ್ಟು ಅದರ ಮೇಲೆ ಪ್ರಯೋಗ ನಡೆಸಬಹುದೆ? ಇಲ್ಲವೆಂದವರು ಸಾಮಾನ್ಯರಲ್ಲ. ಒಂಟಿ ಪರಮಾಣುವಿನೊಡನೆ ನಾವು ಎಂದೂ ಪ್ರಯೋಗ ಮಾಡುವುದಿಲ್ಲ, ಅದೇನಿದ್ದರೂ ಕಲ್ಪನೆಯ ಪ್ರಯೋಗಗಳಲ್ಲಿ ಮಾತ್ರ ಎಂಬರ್ಥದ ಮಾತನ್ನು 1952ರಲ್ಲಿ ಬರೆದವನು ಕ್ವಾಂಟಂ ಸಿದ್ಧಾಂತದ ಜನಕರಲ್ಲೊಬ್ಬನಾದ ಎರ್ವಿನ್ ಶ್ರೋಡಿಂಗರ್. ಮೂವತ್ತು ವರ್ಷ ತುಂಬುವ ಮೊದಲೇ ಆ ಮಾತು ಸುಳ್ಳಾಯಿತು. 1980ರಲ್ಲಿ ಜರ್ಮನಿಯ ಹೈಡಲ್‌ಬರ್ಗ್‌ನಲ್ಲಿ, ಬಲೆಗೆ ಸಿಕ್ಕ ಒಂದೇ ಬೇರಿಯಂ ಅಯಾನಿನ ಛಾಯಾಚಿತ್ರ ತೆಗೆಯಲಾಯಿತು.

ಹಿಡಿದದ್ದಾಯಿತು, ಮಾತನಾಡಿಸುವುದು ಹೇಗೆ? ಪರಮಾಣುವಿಗೆ ತಿಳಿಯುವ ಭಾಷೆ ಬೆಳಕು. ತೊಡಕಿರುವುದು ಗಾತ್ರದಲ್ಲಿ. ರುಬಿಡಿಯಂ ಪರಮಾಣು ಹೀರುವ ಬೆಳಕಿನ ಅಲೆಯುದ್ದ 780 ನ್ಯಾನೊಮೀಟರ್. ಪರಮಾಣುವಿನ ಅಡ್ಡಳತೆ ಅರ್ಧ ನ್ಯಾನೊಮೀಟರಿನ ಆಸುಪಾಸು. ಎಂಥ ಮಸೂರದಿಂದಲೂ ಬೆಳಕನ್ನು ಸುಮಾರು ಅರ್ಧ ಅಲೆಯುದ್ದಕ್ಕಿಂತ ಕಿರಿದಾದ ಚುಕ್ಕೆಗೆ ಇಳಿಸಲಾಗದು. ಹೀಗಾಗಿ ಬೆಳಕಿನ ಒಂಟಿ ಕಣ, ಅಂದರೆ ಫೋಟಾನ್, ಬಹುತೇಕ ಸಲ ಪರಮಾಣುವನ್ನು ಮುಟ್ಟದೆಯೇ ದಾಟಿಹೋಗುತ್ತದೆ.

ಇದಕ್ಕೆ ಒಂದು ಉಪಾಯ, ಫೋಟಾನನ್ನು ಎರಡು ಕನ್ನಡಿಗಳ ನಡುವೆ ಮತ್ತೆ ಮತ್ತೆ ಓಡಾಡಿಸುವುದು. ಫ್ರಾನ್ಸಿನ ಸರ್ಜ್ ಅರೋಶ್ ಈ ದಾರಿ ಹಿಡಿದು, 2012ರಲ್ಲಿ ನೊಬೆಲ್ ಪಡೆದ ಇಬ್ಬರಲ್ಲಿ ಒಬ್ಬರಾದರು. ಇನ್ನೊಂದು ಉಪಾಯ, ಬೆಳಕು ತಂಗುವ ಕೋಣೆಯನ್ನೇ ತೀರ ಚಿಕ್ಕದು ಮಾಡುವುದು.

2013ರಲ್ಲಿ ಅಮೆರಿಕದ ಹಾರ್ವರ್ಡ್ ಮತ್ತು ಎಂಐಟಿಯ ವಿಜ್ಞಾನಿಗಳು ಅದನ್ನು ಸಾಧಿಸಿದರು. ತಲೆಗೂದಲಿಗಿಂತ ಎಷ್ಟೋ ಪಟ್ಟು ತೆಳುವಾದ ಸಿಲಿಕಾನ್ ನೈಟ್ರೈಡಿನ ಎಳೆಯಲ್ಲಿ ಸಾಲಾಗಿ ತೂತು ಕೊರೆದರೆ, ತೂತುಗಳೇ ಕನ್ನಡಿಯಂತೆ ಬೆಳಕನ್ನು ತಡೆದಿಡುತ್ತವೆ. ಆ ಬೆಳಕಿನ ಸ್ವಲ್ಪ ಭಾಗ ಎಳೆಯ ಹೊರಮೈಯಲ್ಲೂ ಚಾಚಿಕೊಂಡಿರುತ್ತದೆ. ಆದರೆ ಕೆಲವು ನೂರು ನ್ಯಾನೊಮೀಟರ್ ದೂರ ಸರಿಯುವಷ್ಟರಲ್ಲಿ ಅದು ಅಳಿಸಿಹೋಗುತ್ತದೆ. ಪರಮಾಣುವನ್ನು ತೀರ ಹತ್ತಿರ ತರಬೇಕು. ಅತಿಯಾಗಿ ಹತ್ತಿರವಾದರೆ ಎಳೆಯೇ ಅದನ್ನು ಸೆಳೆದು ಅಂಟಿಸಿಕೊಳ್ಳುತ್ತದೆ.

ಇಲ್ಲಿ ನೆರವಿಗೆ ಬಂದದ್ದು ಆರ್ಥರ್ ಆಶ್ಕಿನ್ ರೂಪಿಸಿದ ಬೆಳಕಿನ ಚಿಮುಟ. ಲೇಸರಿನಿಂದ ತಣಿಸಿದ ರುಬಿಡಿಯಂ ಪರಮಾಣುವನ್ನು ಈ ಚಿಮುಟದಲ್ಲಿ ಹಿಡಿದು ಎಳೆಯ ಬಳಿಗೆ ಒಯ್ಯುತ್ತಾರೆ. ಎಳೆಯತ್ತ ಹೋಗುವ ಬೆಳಕೂ ಅದಕ್ಕೆ ತಾಗಿ ಹಿಂದಿರುಗುವ ಬೆಳಕೂ ಬೆರೆತು ಪ್ರಕಾಶದ ಪಟ್ಟೆಗಳು ಮೂಡುತ್ತವೆ. ಮೈಗೆ ಅತಿ ಸಮೀಪದ ಪಟ್ಟೆಯಲ್ಲಿ ಪರಮಾಣು ಅತ್ತ ಅಂಟದೆ, ಇತ್ತ ತಪ್ಪಿಸಿಕೊಳ್ಳದೆ ನಿಲ್ಲುತ್ತದೆ.

ಇಷ್ಟೆಲ್ಲ ಶ್ರಮ ಯಾಕೆ? ಎರಡು ಟಾರ್ಚುಗಳ ಬೆಳಕು ಒಂದನ್ನೊಂದು ಹಾಯ್ದರೂ ಯಾವುದೂ ಬದಲಾಗುವುದಿಲ್ಲ. ಫೋಟಾನುಗಳ ನಡುವೆ ವ್ಯವಹಾರ ಕುದುರಬೇಕಾದರೆ ಮಧ್ಯಸ್ಥ ಬೇಕು. ಒಂಟಿ ಪರಮಾಣು ಫೋಟಾನಿನ ಅಲೆಯ ಲಯವನ್ನೂ, ಒಂಟಿ ಫೋಟಾನ್ ಪರಮಾಣುವಿನ ಸ್ಥಿತಿಯನ್ನೂ ಬದಲಿಸಬಲ್ಲದೆಂದು 2014ರಲ್ಲಿ ಇದೇ ವಿಜ್ಞಾನಿಗಳು ತೋರಿಸಿದರು. ಪರಮಾಣು ಸಂದೇಶವನ್ನು ನೆನಪಿಟ್ಟುಕೊಳ್ಳಬೇಕು, ಫೋಟಾನ್ ಅದನ್ನು ಹೊತ್ತೊಯ್ಯಬೇಕು; ಕ್ವಾಂಟಂ ಕಂಪ್ಯೂಟರುಗಳನ್ನು ಒಂದಕ್ಕೊಂದು ಬೆಸೆಯುವ ಕನಸು ನಿಂತಿರುವುದು ಈ ಒಡಂಬಡಿಕೆಯ ಮೇಲೆ. ದಾರಿಯಲ್ಲಿ ಫೋಟಾನುಗಳು ಕಳೆದುಹೋಗದಂತೆ ಕಾಯುವುದು ಈಗಲೂ ಕಷ್ಟದ ಕೆಲಸ. ಆದರೆ ಶ್ರೋಡಿಂಗರ್ ಕಲ್ಪನೆಗೆ ಬಿಟ್ಟಿದ್ದ ಒಂಟಿ ಪರಮಾಣು ಇಂದು ಪ್ರಯೋಗಶಾಲೆಯ ಆಳಾಗಿ ದುಡಿಯುತ್ತಿದೆ.