ನಾಲ್ಕು ಮೀಟರ್ ಕೆಳಗಿನ ತಂಪು

ಹೋದ ತಿಂಗಳು ನಮ್ಮ ಇಂಜಿನಿಯರಿಂಗ್ ಕಾಲೇಜಿನ ಹಳೆಯ ವಿದ್ಯಾರ್ಥಿಗಳ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಚಿತ್ರ ಬಂತು. ಕಂಪ್ಯೂಟರ್ ವಿಭಾಗಕ್ಕೆ ಕಟ್ಟಲಿರುವ ಹೊಸ ಕಟ್ಟಡ. ನಾಲ್ಕು ಅಂತಸ್ತು, ಪಶ್ಚಿಮಕ್ಕೆ ಮುಖ, ಮುಖದ ತುಂಬ ನೀಲಿ ಗಾಜು, ನೆತ್ತಿಯ ಮೇಲೆ ಸೋಲಾರ್ ಫಲಕ. ಕೆಳಗೆ, ನಮ್ಮ ಗ್ರೀನ್ ಬಿಲ್ಡಿಂಗ್‌ಗೆ ಕೈಲಾದಷ್ಟು ನೆರವು ನೀಡಿ ಎಂಬ ಮನವಿ. ಎಲ್ಲರೂ ಹೆಬ್ಬೆರಳು ಎತ್ತಿದರು. ನಾನೂ ಎತ್ತಿದೆ, ಅರ್ಧ ಗಂಟೆ ಬಿಟ್ಟು ಇಳಿಸಿದೆ.

ಇದಕ್ಕಾಗಿ ಬೀಳಲಿರುವುದು ನಾವು ಓದಿದ ಹಳೆಯ ಕಟ್ಟಡ. ದಪ್ಪ ಕಲ್ಲಿನ ಗೋಡೆ, ಸುತ್ತಲೂ ಪಡಸಾಲೆ, ಎತ್ತರದ ಸೂರು. ಬಯಲುಸೀಮೆಯ ಏಪ್ರಿಲ್‌ನಲ್ಲೂ ಅಲ್ಲಿ ಫ್ಯಾನ್ ಸಾಕಾಗುತ್ತಿತ್ತು. ಮಧ್ಯಾಹ್ನದ ಕ್ಲಾಸಿನಲ್ಲಿ ನಮಗೆ ನಿದ್ದೆ ಬರುತ್ತಿದ್ದುದು ಸೆಕೆಗಲ್ಲ, ತಂಪಿಗೆ.

ನಾನೀಗ ಇರುವುದು ಗುರುಗ್ರಾಮದಲ್ಲಿ. ಊರು ತುಂಬ ಗಾಜಿನ ಗೋಪುರಗಳು. ನನ್ನ ಆಫೀಸೂ ಅಂಥದ್ದೇ. ಬಿಸಿಲಿಗೆ ಬ್ಲೈಂಡ್ ಇಳಿಸಿ, ಒಳಗೆ ಕತ್ತಲೆಂದು ಲೈಟ್ ಹಾಕಿ, ಎಸಿ ಜಾಸ್ತಿಯಾಯಿತೆಂದು ಸ್ವೆಟರ್ ತೊಟ್ಟು ಕೂರುತ್ತೇವೆ. ಆದರೆ ಇದೇ ಊರಿನ ಅಂಚಿಗೆ, ಫರೀದಾಬಾದ್ ರಸ್ತೆಯ ಗ್ವಾಲ್ ಪಹಾರಿಯಲ್ಲಿ, ಟೆರಿ ಸಂಸ್ಥೆಯ ಕ್ಯಾಂಪಸ್ಸಿದೆ. ಅಲ್ಲಿ 2000ದ ಸುಮಾರಿಗೆ ಕಟ್ಟಿದ 'ರಿಟ್ರೀಟ್' ಎಂಬ ತರಬೇತಿ ವಸತಿಗೃಹದ ಉಪಾಯ ನಮ್ಮ ಅಜ್ಜಿಗೆ ಹೇಳಿದ್ದರೂ ಅರ್ಥವಾಗುತ್ತಿತ್ತು.

ಮಾಗಿಯ ಬೆಳಗ್ಗೆ ಬಾವಿಯಿಂದ ಸೇದಿದ ನೀರು ಬೆಚ್ಚಗಿರುತ್ತದೆ, ಬೇಸಿಗೆಯಲ್ಲಿ ಅದೇ ನೀರು ತಣ್ಣಗಿರುತ್ತದೆ. ನೀರು ಬದಲಾಗಿರುವುದಿಲ್ಲ, ನಮ್ಮ ಮೈಗೆ ಹಾಗೆನಿಸುತ್ತದೆ ಅಷ್ಟೆ. ಕೆಲವು ಮೀಟರ್ ಆಳಕ್ಕೆ ಹೋದರೆ ಮಣ್ಣು ಇಡೀ ವರ್ಷದ ಸರಾಸರಿ ಉಷ್ಣತೆಯ ಆಸುಪಾಸಿನಲ್ಲೇ ನಿಂತುಬಿಡುತ್ತದೆ. ದೆಹಲಿ ಸೀಮೆಯಲ್ಲಿ ಅದು ಸುಮಾರು 26 ಡಿಗ್ರಿ. ಮೇಲೆ ಮೇ ತಿಂಗಳಲ್ಲಿ 45 ಇರಲಿ, ಜನವರಿಯಲ್ಲಿ 5 ಇರಲಿ, ಕೆಳಗಿನ ಮಣ್ಣಿಗೆ ಅದರ ಗೊಡವೆಯಿಲ್ಲ. ರಿಟ್ರೀಟ್‌ನಲ್ಲಿ ನಾಲ್ಕು ಮೀಟರ್ ಆಳದಲ್ಲಿ, ತಲಾ 70 ಮೀಟರ್ ಉದ್ದದ ನಾಲ್ಕು ಸುರಂಗಗಳನ್ನು ಹೂಳಿದ್ದಾರೆ. ಹೊರಗಿನ ಗಾಳಿಯನ್ನು ಅದರೊಳಗೆ ಹಾಯಿಸಿ ಕೋಣೆಗಳಿಗೆ ಬಿಡುತ್ತಾರೆ. ದಕ್ಷಿಣ ಭಾಗದಲ್ಲಿರುವ ಸೌರ ಚಿಮಣಿಗಳು ಬಿಸಿಲಿಗೆ ಕಾದು ಕೋಣೆಯ ಬಿಸಿಗಾಳಿಯನ್ನು ಮೇಲಕ್ಕೆ ಸೆಳೆದುಕೊಳ್ಳುತ್ತವೆ. ಕರೆಂಟು ಬೇಕಾಗುವುದು ಬಹುಪಾಲು ಗಾಳಿ ತಳ್ಳುವ ಫ್ಯಾನಿಗೆ ಮಾತ್ರ.

ಮಳೆಗಾಲದಲ್ಲಿ ಮಾತ್ರ ಇದು ಸೋಲುತ್ತದೆ. ಸುರಂಗ ಗಾಳಿಯನ್ನು ತಂಪಾಗಿಸಬಲ್ಲದೇ ಹೊರತು ಅದರ ತೇವವನ್ನು ಸಾಕಷ್ಟು ಹಿಂಡಲಾರದು. ಹಾಗಾಗಿ ಆ ತಿಂಗಳುಗಳಿಗೆಂದು ಬೇರೆ ಚಿಲ್ಲರ್‌ಗಳನ್ನೂ ಇಟ್ಟಿದ್ದಾರೆ. ನನಗೆ ಈ ಸಂಸ್ಥೆಯ ಮೇಲೆ ನಂಬಿಕೆ ಬಂದಿದ್ದು ಇಲ್ಲಿಯೇ. ಮುಂದೆ ವಸಂತ್ ಕುಂಜ್‌ನಲ್ಲಿ ತಮ್ಮ ವಿಶ್ವವಿದ್ಯಾಲಯದ ಕ್ಯಾಂಪಸ್ ಕಟ್ಟಿದಾಗಲೂ ಎಲ್ಲದಕ್ಕೂ ಒಂದೇ ಮಂತ್ರ ಹಾಕಲಿಲ್ಲ. ಹಾಸ್ಟೆಲ್ಲಿಗೆ ಇದೇ ಮಣ್ಣಿನ ಸುರಂಗ. ಬೇರೆ ಭಾಗದಲ್ಲಿ ಕಾಂಕ್ರೀಟಿನೊಳಗೇ ಕೊಳವೆ ಹಾಕಿ ತಣ್ಣೀರು ಹರಿಸುವ ಪದ್ಧತಿ. ಅಗತ್ಯವಿರುವಲ್ಲಿ ಮಾಮೂಲಿ ಎಸಿ.

ಹಾಗಾದರೆ ನಮ್ಮ ಕಾಲೇಜಿಗೂ ಸುರಂಗ ತೋಡೋಣವೇ? ಬೇಡ. ಬೇಸಿಗೆಗೂ ಚಳಿಗಾಲಕ್ಕೂ ಅಜಗಜಾಂತರವಿರುವ ದೆಹಲಿಗೆ ಅದು ಸರಿ. ಮಂಗಳೂರಿನಲ್ಲಿ ಮಣ್ಣೂ ಬೆಚ್ಚಗೆ, ಗಾಳಿಯೂ ಒದ್ದೆ. ತೋಡಿದ ಖರ್ಚು ದಂಡ. ಬೆಂಗಳೂರಿಗೆ ಅದರ ಅವಶ್ಯಕತೆಯೇ ಇಲ್ಲ. ಬನ್ನೇರುಘಟ್ಟ ರಸ್ತೆಯ ಐಐಎಂಗೆ ಹೋದವರಿಗೆ ಗೊತ್ತು, ಬಿ.ವಿ. ದೋಶಿ ಅಲ್ಲಿ ಒರಟು ಕಲ್ಲಿನ ಗೋಡೆ, ಬಳ್ಳಿ ಹಬ್ಬಿದ ಉದ್ದುದ್ದ ಮೊಗಸಾಲೆ, ತೆರೆದ ಅಂಗಳಗಳಲ್ಲೇ ಕೆಲಸ ಮುಗಿಸಿದ್ದಾರೆ. ಬಯಲುಸೀಮೆಯಲ್ಲಿ ಹಗಲು ಸುಡುತ್ತದೆ, ರಾತ್ರಿ ಆರುತ್ತದೆ. ಅಲ್ಲಿಗೆ ಬೇಕಾದ್ದು ದಪ್ಪ ಗೋಡೆ, ಪಶ್ಚಿಮಕ್ಕೆ ನೆರಳು, ರಾತ್ರಿ ಗಾಳಿ ಆಡುವ ಕಿಟಕಿ. ಅಂದರೆ, ಈಗ ಕೆಡವಲು ಹೊರಟಿರುವ ಕಟ್ಟಡ.

ಸೋಲಾರ್ ಇದೆಯಲ್ಲ ಎಂದ ಗುಂಪಿನಲ್ಲೊಬ್ಬ. ಲೆಕ್ಕ ಹಾಕಿ ತೋರಿಸಿದೆ. ಒಂದು ಕಿಲೋವಾಟ್ ಫಲಕಕ್ಕೆ ಸುಮಾರು 10 ಚದರ ಮೀಟರ್ ಜಾಗ ಬೇಕು, ದಿನಕ್ಕೆ ಅದು ಕೊಡುವುದು ಹೆಚ್ಚುಕಡಿಮೆ 4 ಯೂನಿಟ್. ಒಂದೂವರೆ ಟನ್ನಿನ ಒಂದು ಎಸಿ ಎಂಟು ಗಂಟೆ ಓಡಿದರೆ 8 ಯೂನಿಟ್ಟಾದರೂ ನುಂಗುತ್ತದೆ. ಒಂದು ಎಸಿಗೆ 20 ಚದರ ಮೀಟರ್ ತಾರಸಿ! ಪಶ್ಚಿಮದ ಗಾಜು ಬಿಸಿಲಿಗೆ ನಿಲ್ಲಿಸಿದ ಕಾರಿನಂತೆ ಕಾಯುತ್ತದೆ, ಲ್ಯಾಬಿನ ಕಂಪ್ಯೂಟರುಗಳ ಬಿಸಿ ಬೇರೆ. ನಾಲ್ಕು ಅಂತಸ್ತಿನಲ್ಲೂ ಎಸಿ, ತಾರಸಿ ಮಾತ್ರ ಒಂದೇ. ಅದೇ ಹಳೆಯ 75 ವ್ಯಾಟಿನ ಫ್ಯಾನು ತೆಗೆದು 30 ವ್ಯಾಟ್ ಆಸುಪಾಸಿನ ಬಿಎಲ್‌ಡಿಸಿ ಫ್ಯಾನು ಹಾಕಿದರೆ, ಕಟ್ಟಡಕ್ಕೆ ಕೈಯನ್ನೇ ಹಚ್ಚದೆ ಅರ್ಧಕ್ಕಿಂತ ಹೆಚ್ಚು ಉಳಿತಾಯ. ಆದರೆ ಫ್ಯಾನಿನ ಕೆಳಗೆ ದಾನಿಗಳ ಹೆಸರಿನ ಫಲಕ ನೇತುಹಾಕಲು ಬರುವುದಿಲ್ಲ, ಅದೇ ತೊಡಕು.

ಗುಂಪಿನಲ್ಲಿ ಎರಡು ದಿನ ಮೌನ. ಆಮೇಲೆ ಸಮಿತಿಯಲ್ಲಿರುವ ಗೆಳೆಯನೇ ಫೋನ್ ಮಾಡಿದ. ಗಾಜಿಲ್ಲದಿದ್ದರೆ ಅಡ್ಮಿಷನ್‌ಗೆ ಬರುವ ಪೋಷಕರು ಕಾಲೇಜನ್ನು ಹಳೇಕಾಲದ್ದು ಅಂದುಕೊಳ್ಳುತ್ತಾರಂತೆ. ಅವನ ಮಾತನ್ನು ತಳ್ಳಿಹಾಕುವಂತಿಲ್ಲ, ನಾನೂ ಗಾಜಿನ ಗೋಪುರ ನೋಡಿಯೇ ಮೊದಲ ಕೆಲಸ ಒಪ್ಪಿಕೊಂಡವನು. ಮೂರು ಪ್ರಶ್ನೆ ಬರೆದು ಕಳಿಸಿದೆ: ಹಳೆಯ ಕಟ್ಟಡವನ್ನು ಉಳಿಸಿಕೊಂಡೇ ಹೊಸದನ್ನು ಕಟ್ಟಲಾಗದೇ? ಪಶ್ಚಿಮದ ಗಾಜಿನ ಮುಂದೆ ಪಡಸಾಲೆ ಬರಬಹುದೇ? ಪ್ರತಿ ಅಂತಸ್ತಿಗೂ ಬೇರೆ ಮೀಟರ್ ಇಟ್ಟು, ತಿಂಗಳ ಯೂನಿಟ್ಟುಗಳನ್ನು ಈ ಗುಂಪಿಗೆ ಹಾಕುತ್ತೀರಾ?

ಮೂರನೆಯದಕ್ಕೆ ಒಪ್ಪಿದ್ದಾರೆ. ಎರಡನೆಯದನ್ನು ಆರ್ಕಿಟೆಕ್ಟ್ ಬಳಿ ಕೇಳುತ್ತಾರಂತೆ. ಮೊದಲನೆಯದಕ್ಕೆ ಉತ್ತರ ಬಂದಿಲ್ಲ, ನಾನೂ ಇನ್ನೂ ಹಣ ಕಳಿಸಿಲ್ಲ.