ಮಿತ್ರ ರಾಷ್ಟ್ರಗಳ ನಡುವೆ ಗುಪ್ತವಾರ್ತೆಯ ವಿನಿಮಯ ಮತ್ತು ನಾಗರಿಕರ ಮಾಹಿತಿ ಹಕ್ಕು

ಮಾಹಿತಿ ಹಕ್ಕು ಅಧಿನಿಯಮ, 2005ರ ಪ್ರಕರಣ 8(1)(ಎಫ್)ರನ್ವಯ, ವಿದೇಶಿ ಸರ್ಕಾರದಿಂದ ಗೋಪ್ಯವಾಗಿ ಸ್ವೀಕರಿಸಿದ ಮಾಹಿತಿಯನ್ನು ಅರ್ಜಿದಾರರಿಗೆ ನೀಡುವ ಬಾಧ್ಯತೆ ಇರುವುದಿಲ್ಲ. ಈ ರಕ್ಷಣೆ ಏಕೆ, ಅದರ ಮಿತಿ ಏನು ಎಂಬುದನ್ನು ಸಾರ್ವಜನಿಕರ ತಿಳುವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

1. ವಿನಿಮಯದ ಅಗತ್ಯ

ಯಾವುದೇ ರಾಷ್ಟ್ರವು ಏಕಾಂಗಿಯಾಗಿ ಎಲ್ಲೆಡೆ ನಿಗಾ ಇಡಲು ಸಾಧ್ಯವಿಲ್ಲ. ಆದುದರಿಂದ 1946ರ ಮಾರ್ಚ್ 5ರಂದು ಬ್ರಿಟನ್ ಮತ್ತು ಅಮೆರಿಕ ಗುಪ್ತವಾರ್ತೆಯ ವಿನಿಮಯಕ್ಕೆ ಒಪ್ಪಂದ ಮಾಡಿಕೊಂಡವು. ತರುವಾಯ ಕೆನಡಾ, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ ಈ ವ್ಯವಸ್ಥೆಗೆ ಸೇರಿದವು. ಸದರಿ ಒಪ್ಪಂದದ ಪಾಠವು ಬಹಿರಂಗಗೊಂಡದ್ದು 2010ರಲ್ಲಿ. ಭಾರತವು ಸಹ ಸೇನಾ ಮಾಹಿತಿಯ ಭದ್ರತೆ ಕುರಿತು 2002ರಲ್ಲಿ ಅಮೆರಿಕದೊಡನೆ ಒಪ್ಪಂದ ಮಾಡಿಕೊಂಡಿದೆ. ನೀಡಿದವರ ಸಮ್ಮತಿಯಿಲ್ಲದೆ ಮಾಹಿತಿಯನ್ನು ಮೂರನೆಯವರಿಗೆ ಕೊಡಬಾರದೆಂಬುದು ಇಂತಹ ವಿನಿಮಯದ ಮೂಲ ನಿಯಮ. ಈ ವಿಶ್ವಾಸ ಮುರಿದಲ್ಲಿ ಮುಂದಿನ ಎಚ್ಚರಿಕೆ ಬಾರದೇ ಹೋಗಬಹುದು.

2. ತಪ್ಪು ಮಾಹಿತಿಯ ಪರಿಣಾಮ

ಕೆನಡಾದ ಪ್ರಜೆ, ಎಂಜಿನಿಯರ್ ಮಾಹೆರ್ ಅರಾರ್ ಅವರನ್ನು 2002ರಲ್ಲಿ ನ್ಯೂಯಾರ್ಕ್ ವಿಮಾನ ನಿಲ್ದಾಣದಲ್ಲಿ ಬಂಧಿಸಿ ಸಿರಿಯಾಕ್ಕೆ ಕಳುಹಿಸಲಾಯಿತು. ಅಲ್ಲಿ ಅವರು ಸುಮಾರು ಒಂದು ವರ್ಷ ಸೆರೆಯಲ್ಲಿದ್ದು ಚಿತ್ರಹಿಂಸೆ ಅನುಭವಿಸಿದರು. ಕೆನಡಾ ಪೊಲೀಸರು ಅವರ ಬಗ್ಗೆ ತಪ್ಪು ಮಾಹಿತಿಯನ್ನು, ಬಳಕೆಯ ಷರತ್ತುಗಳನ್ನೂ ವಿಧಿಸದೆ, ಅಮೆರಿಕಕ್ಕೆ ನೀಡಿದ್ದರೆಂದು ನ್ಯಾಯಮೂರ್ತಿ ಡೆನಿಸ್ ಓ'ಕಾನರ್ ಆಯೋಗವು 2006ರಲ್ಲಿ ವರದಿ ಮಾಡಿತು. 2007ರಲ್ಲಿ ಕೆನಡಾ ಸರ್ಕಾರ ಕ್ಷಮೆ ಕೋರಿ, 105 ಲಕ್ಷ ಕೆನಡಿಯನ್ ಡಾಲರ್ ಪರಿಹಾರ ನೀಡಿತು.

ಆದುದರಿಂದ ಮಿತ್ರ ರಾಷ್ಟ್ರಗಳು ಗುಪ್ತವಾರ್ತೆಯನ್ನು ಹಂಚಿಕೊಳ್ಳುವುದು ಅವಶ್ಯಕ. ಆದರೆ ಅದರ ನಿಖರತೆಯನ್ನು ಪರಿಶೀಲಿಸಿ, ಷರತ್ತುಗಳಿಗೆ ಒಳಪಡಿಸಿ ನೀಡುವುದು ಅಷ್ಟೇ ಅವಶ್ಯಕ. ಲೆಕ್ಕಪತ್ರದಲ್ಲಿ ಒಂದು ತಪ್ಪು ನಮೂದು ಮುಂದಿನ ಪುಟಗಳಿಗೂ ಸಾಗುವಂತೆ, ಗೋಪ್ಯ ಕಡತದ ತಪ್ಪೂ ಗಡಿ ದಾಟಿ ಸಾಗುತ್ತದೆ. ವ್ಯತ್ಯಾಸವೆಂದರೆ, ಸಂಬಂಧಪಟ್ಟ ವ್ಯಕ್ತಿಗೆ ಅದು ಕಾಣುವುದೇ ಇಲ್ಲ.

3. ಅರ್ಜಿದಾರರ ಗಮನಕ್ಕೆ

ಅ) ರಕ್ಷಿತ ಹಿತಕ್ಕೆ ಆಗುವ ಹಾನಿಗಿಂತ ಸಾರ್ವಜನಿಕ ಹಿತಾಸಕ್ತಿ ಹೆಚ್ಚಿನದಾಗಿದ್ದಲ್ಲಿ, ಪ್ರಕರಣ 8(2)ರನ್ವಯ ಮಾಹಿತಿಯನ್ನು ನೀಡಬಹುದಾಗಿದೆ.

ಆ) ಗೋಪ್ಯ ಭಾಗವನ್ನು ಬೇರ್ಪಡಿಸಿ ಉಳಿದ ಭಾಗವನ್ನು ನೀಡಲು ಪ್ರಕರಣ 10ರಲ್ಲಿ ಅವಕಾಶವಿದೆ.

ಇ) 20 ವರ್ಷಗಳ ಹಿಂದಿನ ವಿಷಯಗಳಿಗೆ 8(1)(ಎಫ್) ವಿನಾಯಿತಿ ಅನ್ವಯಿಸುವುದಿಲ್ಲ, ಆದರೆ ದೇಶದ ಭದ್ರತೆಗೆ ಸಂಬಂಧಿಸಿದ 8(1)(ಎ) ವಿನಾಯಿತಿ ಮುಂದುವರಿಯುತ್ತದೆ.

ಈ) ಪ್ರಕರಣ 24ರನ್ವಯ ವಿನಾಯಿತಿ ಪಡೆದ ಗುಪ್ತವಾರ್ತೆ ಸಂಸ್ಥೆಗಳಿಂದಲೂ ಭ್ರಷ್ಟಾಚಾರ ಮತ್ತು ಮಾನವ ಹಕ್ಕುಗಳ ಉಲ್ಲಂಘನೆಯ ಆರೋಪಗಳ ಕುರಿತು ಮಾಹಿತಿ ಕೋರಬಹುದು.

ಉ) ಅರ್ಜಿಯನ್ನು ತಿರಸ್ಕರಿಸಿದಲ್ಲಿ ಕಾರಣಗಳನ್ನು ತಿಳಿಸತಕ್ಕದ್ದು. ಅರ್ಜಿದಾರರು 30 ದಿನಗಳೊಳಗೆ ಮೊದಲನೇ ಮೇಲ್ಮನವಿ ಸಲ್ಲಿಸಬಹುದು. ನಿರಾಕರಣೆ ಸಮರ್ಥನೀಯವೆಂದು ರುಜುವಾತುಪಡಿಸುವ ಹೊಣೆ ಸಾರ್ವಜನಿಕ ಮಾಹಿತಿ ಅಧಿಕಾರಿಯದಾಗಿರುತ್ತದೆ.